ನದಿಗೆ ಮರಳಿಸಬೇಕಾದ ನೀರು

ನೀರನ್ನು ಸೋಸಿ ಬಳಸುವುದು ಶ್ರಾವಕನ ಗುರುತು ಎಂಬುದನ್ನು ಲೋಕವೆಲ್ಲ ಬಲ್ಲದು. ಆದರೆ ಆ ಆಚಾರಕ್ಕೆ ಎರಡು ಅಂಗಗಳಿವೆ ಎಂಬುದನ್ನು ಇಂದು ನೆನೆಯುವವರು ವಿರಳ. ದಟ್ಟವಾದ ಬಟ್ಟೆಯನ್ನು ಮಡಿಚಿ ನೀರನ್ನು ಸೋಸುವುದು ಮೊದಲನೆಯ ಅಂಗ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ನೀರು ಯಾವ ಬಾವಿಯದೋ ಅದೇ ಬಾವಿಗೆ, ಅವುಗಳಿಗೆ ಬಾಧೆಯಾಗದಂತೆ ಮರಳಿ ಬಿಡುವುದು ಎರಡನೆಯ ಅಂಗ. ತೆಗೆದುಕೊಳ್ಳುವ ಹಕ್ಕು ಯಾರಿಗಿದೆಯೋ ಮರಳಿಸುವ ಹೊಣೆಯೂ ಅವರಿಗೇ ಇದೆ ಎಂಬ ತತ್ತ್ವವನ್ನು ಹಿರಿಯರು ಹೀಗೆ ನಿತ್ಯದ ಆಚಾರದಲ್ಲಿಯೇ ಕಟ್ಟಿಟ್ಟರು.

ಮನೆಯ ಕೊಡದ ಮಟ್ಟಿಗೆ ಈ ನಿಯಮ ಇನ್ನೂ ಅಲ್ಲಲ್ಲಿ ಉಳಿದಿದೆ. ಪ್ರಶ್ನೆಯಿರುವುದು ಕಾರ್ಖಾನೆಯ ಕೊಳವೆಯದು. ಮನೆಯಲ್ಲಿ ಒಂದು ತಂಬಿಗೆ ನೀರನ್ನು ಸೋಸದೆ ಬಾಯಿಗಿಡದ ಗೃಹಸ್ಥನೇ ತಾನು ಪಾಲುದಾರನಾಗಿರುವ ಉದ್ಯಮವು ನದಿಯಿಂದ ಎಷ್ಟು ನೀರೆತ್ತಿತು, ಅದರಲ್ಲಿ ಎಷ್ಟನ್ನು, ಯಾವ ಸ್ಥಿತಿಯಲ್ಲಿ ನದಿಗೆ ಮರಳಿಸಿತು ಎಂದು ವರ್ಷಕ್ಕೊಮ್ಮೆಯಾದರೂ ಕೇಳಿದ್ದುಂಟೇ? ವಾರ್ಷಿಕ ಸಭೆಯಲ್ಲಿ ಕಬ್ಬಿನ ದರ ಚರ್ಚೆಯಾಗುತ್ತದೆ, ಲಾಭಾಂಶ ಚರ್ಚೆಯಾಗುತ್ತದೆ, ಸದಸ್ಯರಿಗೆ ಕೊಡುವ ಸಕ್ಕರೆಯ ಕಿಲೋ ಕೂಡ ಚರ್ಚೆಯಾಗುತ್ತದೆ. ನೀರಿನ ಲೆಕ್ಕ ಮಾತ್ರ ಯಾವ ಸಭೆಯ ಕಾರ್ಯಸೂಚಿಯಲ್ಲಿಯೂ ಕಾಣಿಸುವುದಿಲ್ಲ.

ಐದು ತಾಲ್ಲೂಕು, ಪರರಾಜ್ಯದ ಜಲಮೂಲ

ಚಿಕ್ಕೋಡಿ, ಅದರಿಂದ ಬೇರ್ಪಟ್ಟ ನಿಪ್ಪಾಣಿ, ರಾಯಬಾಗ, ಅಥಣಿ, ಅದರಿಂದ ಬೇರ್ಪಟ್ಟ ಕಾಗವಾಡ, ಈ ಐದು ತಾಲ್ಲೂಕುಗಳ ಬದುಕು ನಿಂತಿರುವುದು ನದಿಗಳ ಮೇಲೆ. ಅವುಗಳಲ್ಲಿ ಮುಖ್ಯವಾದ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಹುಟ್ಟುವುದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಭೋಜ ಗ್ರಾಮವಿರುವುದು ದೂಧಗಂಗಾ ವೇದಗಂಗಾ ಸಂಗಮದ ಬಳಿ. ಮುಂದೆ ಯಡೂರು ಕಲ್ಲೋಳಗಳ ಬಳಿ ದೂಧಗಂಗೆ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿನ ಉದ್ಯಮವೂ ಈ ನದಿಗಳದೇ ಕೂಸು. ಉಗಾರ ಖುರ್ದದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಚಿಕ್ಕೋಡಿಯ ಸಹಕಾರಿ ಕಾರ್ಖಾನೆ ದೂಧಗಂಗಾ, ಕೃಷ್ಣಾ ಎಂಬ ಎರಡು ನದಿಗಳ ಹೆಸರನ್ನು ತನ್ನ ಹೆಸರಾಗಿಯೇ ಇಟ್ಟುಕೊಂಡಿದೆ. ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿಯ ಸುತ್ತಲೂ ಇಂದು ಕಬ್ಬು ಬೆಳೆದು ನಿಂತಿದೆ. ಇಲ್ಲಿನ ಕೃಷಿಕರಲ್ಲಿ, ವ್ಯಾಪಾರಸ್ಥರಲ್ಲಿ, ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಲ್ಲಿ ಜೈನರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಆದುದರಿಂದ ನದಿಯ ಪ್ರಶ್ನೆ ಈ ಸಮಾಜಕ್ಕೆ ಹೊರಗಿನವರ ಪ್ರಶ್ನೆಯಲ್ಲ.

ನದಿ ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದರಲ್ಲಿ ಹರಿಯುವಾಗ, ರಾಜ್ಯದ ಗಡಿ ದೇಶದ ಗಡಿಗಿಂತ ಸಡಿಲವಾಗಿ ವರ್ತಿಸುವುದಿಲ್ಲ. ಕಬ್ಬಿನ ಗಾಡಿ ಗಡಿ ದಾಟುತ್ತದೆ. ಕಬ್ಬು ಕಡಿಯುವ ತಂಡಗಳು ದಾಟುತ್ತವೆ. ಬಹುರಾಜ್ಯ ಸಹಕಾರಿ ಕಾಯ್ದೆಯ ಕೃಪೆಯಿಂದ ಷೇರು ಬಂಡವಾಳವೂ ದಾಟುತ್ತದೆ. ಬೀಗತನವಂತೂ ಎಂದಿನಿಂದಲೂ ದಾಟಿದೆ. ನೀರಿನ ಮಾತು ಬಂದಾಗ ಮಾತ್ರ ಎರಡು ದಂಡೆಯವರೂ ಪರಸ್ಪರ ಪರದೇಶಿಗಳಾಗುತ್ತಾರೆ.

ಶೇಕಡಾ ಎರಡೂವರೆಯ ನಂಬಿಕೆ

ಕೃಷ್ಣಾ ನೀರಿನ ಹಂಚಿಕೆಗಾಗಿ 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿಯ ತೀರ್ಪು 1976ರಲ್ಲಿ ಅಂತಿಮವಾಯಿತು. 2060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಎಂಬ ಅಂಕಿಗಳು ಇಲ್ಲಿನ ಪ್ರತಿಯೊಬ್ಬ ಕಾರ್ಯಕರ್ತನ ಬಾಯಲ್ಲಿವೆ. ಅದೇ ತೀರ್ಪಿನಲ್ಲಿ ಯಾರೂ ಭಾಷಣದಲ್ಲಿ ಎತ್ತದ ಒಂದು ನಿಯಮವಿದೆ. ಪ್ರತಿಯೊಂದು ರಾಜ್ಯ ಬಳಸಿದ ನೀರನ್ನು ಅಳೆಯುವ ಕ್ರಮವನ್ನು ಅದು ಹೇಳುತ್ತದೆ. ಅದರ ಪ್ರಕಾರ ಊರುಗಳ ಕುಡಿಯುವ ನೀರು ಮತ್ತು ಗೃಹಬಳಕೆಗಾಗಿ ಎತ್ತಿದ ನೀರಿನಲ್ಲಿ ಶೇಕಡಾ 20 ಮಾತ್ರ ಬಳಕೆಯೆಂದು ಎಣಿಕೆಯಾಗುತ್ತದೆ. ಕೈಗಾರಿಕೆಗಾಗಿ ಎತ್ತಿದ ನೀರಿನಲ್ಲಾದರೋ ಶೇಕಡಾ 2.5 ಮಾತ್ರ.

ಈ ರಿಯಾಯಿತಿಯ ಅರ್ಥವೇನು? ಕಾರ್ಖಾನೆಯು ನೂರು ಕೊಡ ನೀರೆತ್ತಿದರೆ ತೊಂಬತ್ತೇಳೂವರೆ ಕೊಡ ನದಿಗೆ ಮರಳುತ್ತದೆ ಎಂಬುದೇ ಈ ಎಣಿಕೆಯ ಹಿಂದಿನ ಗೃಹೀತ. ಎರಡು ರಾಜ್ಯಗಳ ನಡುವಿನ ಹಂಚಿಕೆಯ ಲೆಕ್ಕ ಉದ್ಯಮಿಯ ಮೇಲೆ ಇಟ್ಟ ನಂಬಿಕೆ ಅದು. ಆದರೆ ಮರಳಿ ಬಂದ ನೀರು ದನ ಕುಡಿಯಲಾರದ, ಮೀನು ಬದುಕಲಾರದ, ಕೆಳಗಿನ ಊರು ಬಳಸಲಾರದ ನೀರಾಗಿದ್ದರೆ ಅದನ್ನು ಮರಳಿಸಿದ ನೀರೆಂದು ಯಾವ ನ್ಯಾಯದಿಂದ ಕರೆಯಬೇಕು? ಅಂಥ ಉದ್ಯಮಿ ತನ್ನ ನೂರು ಕೊಡವನ್ನು ನುಂಗಿದ್ದಲ್ಲದೆ ನದಿಯಲ್ಲಿ ಉಳಿದಿದ್ದ ಇತರರ ನೀರನ್ನೂ ಕೆಡಿಸಿದನೆಂದೇ ಹೇಳಬೇಕಾಗುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಕೊಡುವ ತೂಕ ಒಂದು, ಕೊಳ್ಳುವ ತೂಕ ಇನ್ನೊಂದು ಇರಿಸಿಕೊಳ್ಳುವುದನ್ನು ಹೀನಾಧಿಕ ಮಾನೋನ್ಮಾನ ಎಂದೂ, ಒಳ್ಳೆಯ ವಸ್ತುವಿನ ಬದಲು ಕೃತಕ ವಸ್ತುವನ್ನು ಕೊಡುವುದನ್ನು ಪ್ರತಿರೂಪಕ ವ್ಯವಹಾರ ಎಂದೂ ಹೆಸರಿಸಿದೆ. ತಿಳಿನೀರನ್ನು ಎತ್ತಿ ಕೊಳಚೆಯನ್ನು ಬಿಟ್ಟು, ಎರಡಕ್ಕೂ ‘ನೀರು’ ಎಂದು ಒಂದೇ ಹೆಸರಿಡುವವನಿಗೆ ಈ ಎರಡೂ ಅತಿಚಾರಗಳು ಒಟ್ಟಿಗೆ ಅಂಟುತ್ತವೆ.

ಇನ್ನೂ ಒಂದು ಮಾತು. ಅದೇ ತೀರ್ಪಿನಂತೆ ಅಂತರ್ಜಲದ ಬಳಕೆ ಕೃಷ್ಣಾ ನೀರಿನ ಬಳಕೆಯೆಂದು ಎಣಿಕೆಗೆ ಬರುವುದಿಲ್ಲ. ಕೊಳವೆಬಾವಿಯ ನೀರಿಗೆ ಹೀಗೆ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದ್ದಕ್ಕೆ ಮಿತಿಯೂ ಇಲ್ಲವೆಂದು ತಿಳಿದವರು ಭೂಮಿಯನ್ನು ಕೊರೆಯುತ್ತ ಹೋದರು. ಕಾಯ್ದೆ ಎಣಿಸದ್ದನ್ನು ಎಣಿಸಲೆಂದೇ ವ್ರತವಿರುವುದು ಎಂಬುದನ್ನು ಮರೆತರು.

ಒಂದು ನದಿ ಕೆಟ್ಟರೆ ಇನ್ನೊಂದರ ಮೇಲೆ ಕಣ್ಣು

ಕೆಡಿಸಿದ ನೀರು ಉದ್ಯಮಕ್ಕೇ ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಕೊಲ್ಹಾಪುರ, ಇಚಲಕರಂಜಿಗಳ ಬದಿಯಲ್ಲಿ ಹರಿಯುವ ಪಂಚಗಂಗಾ ನದಿ ಕರ್ನಾಟಕದ ಗಡಿಗೆ ಸಮೀಪದ ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಊರಿನ ಕೊಳಚೆ, ಬಟ್ಟೆ ಸಂಸ್ಕರಣೆಯ ಬಣ್ಣದ ನೀರು, ಕಾರ್ಖಾನೆಗಳ ಹೊಲಸು ಎಲ್ಲವೂ ಅದರಲ್ಲಿ ಬೆರೆತ ಕಥೆ ಆ ಭಾಗದ ಜನರಿಗೆ ಹೊಸದಲ್ಲ. ವಿದ್ಯುತ್ ಮಗ್ಗಗಳ ಪಟ್ಟಣವಾದ ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹಬ್ಬಿ ಜೀವಹಾನಿಯಾಯಿತು. ತನ್ನ ನದಿಯನ್ನು ನೆಚ್ಚಲಾಗದ ಪಟ್ಟಣ ಮುಂದೆ ಸುಳಕೂಡದ ಬಳಿ ದೂಧಗಂಗೆಯಿಂದ ಕುಡಿಯುವ ನೀರು ತರುವ ಯೋಜನೆಗೆ ಕೈಹಾಕಿತು. ಕೂಡಲೇ ಕಾಗಲ ಭಾಗದ ರೈತರೂ ಗಡಿಯೀಚೆಯ ಚಿಕ್ಕೋಡಿ ನಿಪ್ಪಾಣಿಗಳ ದೂಧಗಂಗಾ ದಂಡೆಯ ರೈತರೂ ವಿರೋಧಕ್ಕೆ ನಿಂತರು.

ಇಲ್ಲಿ ತಪ್ಪು ಯಾರದು? ಬಾಯಾರಿದ ಪಟ್ಟಣದ ಬಡ ನೇಕಾರನದೇ? ತನ್ನ ಪಾಲಿನ ನೀರು ಕೈತಪ್ಪೀತೆಂದು ಅಂಜಿದ ರೈತನದೇ? ಇಬ್ಬರದೂ ಅಲ್ಲ. ಪಂಚಗಂಗೆಗೆ ಮರಳಿಸಬೇಕಾದುದನ್ನು ಶುದ್ಧವಾಗಿ ಮರಳಿಸದವರು ಮಾಡಿದ ಸಾಲವನ್ನು ದೂಧಗಂಗೆಯ ದಂಡೆಯವರು ತೀರಿಸಬೇಕಾಗಿ ಬಂದಿದೆ. ದೂಧಗಂಗಾ ಯೋಜನೆ ಮೊದಲಿನಿಂದಲೂ ಅಂತರರಾಜ್ಯ ಯೋಜನೆ. ಕಾಳಮ್ಮವಾಡಿ ಜಲಾಶಯದಲ್ಲಿ ಕರ್ನಾಟಕಕ್ಕೆ 4 ಟಿಎಂಸಿಯ ಪಾಲಿದೆ. ಕೂಡಿ ಬಾಳುವುದು ಸಾಧ್ಯವೆಂದು ತೋರಿಸಬೇಕಾದ ನದಿಯೇ ಜಗಳದ ಕಣವಾದದ್ದು ವಿಷಾದದ ಸಂಗತಿ.

ಇದನ್ನು ಓದಿ ಗಡಿಯೀಚೆಯವರು ನಿರಾಳವಾಗಬೇಕಿಲ್ಲ. ಈಚೆಯ ದಂಡೆಯಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ, ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕಗಳಿವೆ. ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಪ್ಪು ತ್ಯಾಜ್ಯದ್ರವ ಉಳಿಯುತ್ತದೆ. ಅದರ ಹನಿಯೂ ಹೊರಬೀಳಬಾರದೆಂಬುದು ಇಂದಿನ ನಿಯಮ. ಕೃಷ್ಣೆ ಇಲ್ಲಿಗೆ ನಿಲ್ಲುವುದಿಲ್ಲ. ಜಮಖಂಡಿಯಿದೆ, ಬಾಗಲಕೋಟೆಯಿದೆ, ರಾಯಚೂರಿದೆ, ಅದರಾಚೆ ತೆಲಂಗಾಣ ಆಂಧ್ರಗಳಿವೆ. ಮೇಲಿನವನನ್ನು ದೂರುವ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಮೇಲಿನವನೇ.

ಪ್ರತಿ ಬೇಸಿಗೆಯ ಯಾಚನೆ

ಶುದ್ಧಿಯ ಮಾತು ಹೀಗಾದರೆ ಪ್ರಮಾಣದ ಮಾತು ಇನ್ನೂ ಶೋಚನೀಯ. ಬೇಸಿಗೆ ಬಿರುಸಾದೊಡನೆ ಕೃಷ್ಣಾಪಾತ್ರ ಒಣಗುತ್ತದೆ. ಆಗ ಬೆಂಗಳೂರಿನಿಂದ ಮುಂಬಯಿಗೆ ಪತ್ರ ಹೋಗುತ್ತದೆ. ಕೊಯ್ನಾದಿಂದಲೋ ವಾರಣಾದಿಂದಲೋ ಎರಡು, ಮೂರು, ನಾಲ್ಕು ಟಿಎಂಸಿ ನೀರು ಬಿಡಿ ಎಂಬ ಬಿನ್ನಹ ಅದು. 2023ರಲ್ಲಿ ಹೋಯಿತು, 2025ರಲ್ಲಿಯೂ ಹೋಯಿತು. ಹಿಂದಿನ ಕೆಲವು ಬೇಸಿಗೆಗಳಲ್ಲಿ ನೀರು ಬಂದದ್ದುಂಟು. 2019ರಲ್ಲಿ ಮಹಾರಾಷ್ಟ್ರ ಹಣದ ಬದಲು ನೀರನ್ನೇ ಕೇಳಿತು: ಕೊಯ್ನಾದಿಂದ 4 ಟಿಎಂಸಿ ಬಿಟ್ಟರೆ ಅಷ್ಟೇ ನೀರನ್ನು ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಬರದ ಹಳ್ಳಿಗಳಿಗೆ ಕೊಡಬೇಕೆಂದಿತು. ಜತ್ತದ ಆ ಹಳ್ಳಿಗಳಲ್ಲಿ ಅನೇಕವು ಕನ್ನಡದ ಹಳ್ಳಿಗಳೇ. ಒಪ್ಪಂದ ಕೈಗೂಡಲಿಲ್ಲ, ಆ ಬೇಸಿಗೆಯಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿಗಳ ನದಿದಂಡೆಯ ಊರುಗಳೇ ಟ್ಯಾಂಕರಿನ ದಾರಿ ಕಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಉಕ್ಕಿ ಅದೇ ಊರುಗಳನ್ನು ಮುಳುಗಿಸಿತು. 2021ರಲ್ಲಿ ಮತ್ತೆ ಮುಳುಗಿಸಿತು.

ಕೊಯ್ನಾ ಜಲವಿದ್ಯುತ್ತಿಗಾಗಿ ವರ್ಷಕ್ಕೆ 67.5 ಟಿಎಂಸಿಯವರೆಗೆ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ತಿರುಗಿಸಲು ಬಚಾವತ್ ತೀರ್ಪು ಅವಕಾಶ ಕೊಟ್ಟಿದೆ. ವಿದ್ಯುತ್ ತಯಾರಾದ ಮೇಲೆ ಆ ನೀರು ಕೊಂಕಣಕ್ಕೆ ಇಳಿದು ಸಮುದ್ರ ಸೇರುತ್ತದೆ. ಅದರ ಮುಂದೆ ಎರಡು ನಾಲ್ಕು ಟಿಎಂಸಿ ಎಷ್ಟರದು? ಕೊರತೆಯಿರುವುದು ನೀರಿಗೆ ಅನ್ನುವುದಕ್ಕಿಂತ ಮೊದಲೇ ಕುಳಿತು ಬರೆದಿಟ್ಟ ಒಂದು ಕರಾರಿಗೆ.

ಯಾಚನೆಯಿಂದ ಬಂದ ನೀರು ಭದ್ರತೆಯಾಗಲಾರದು ಎಂಬುದನ್ನು ಯಾವ ವ್ಯಾಪಾರಸ್ಥನಿಗೂ ವಿವರಿಸಬೇಕಿಲ್ಲ. ನದಿ ಬತ್ತಿದ ವರ್ಷ ಕಬ್ಬಿನ ತೂಕ ಇಳಿಯುತ್ತದೆ, ನುರಿಸುವ ಹಂಗಾಮು ಬೇಗ ಮುಗಿಯುತ್ತದೆ, ಬಿಲ್ಲು ತಡವಾಗುತ್ತದೆ, ಪತ್ತಿನ ಸಂಘದ ಸಾಲ ಬಾಕಿ ಬೀಳುತ್ತದೆ, ಪೇಟೆಯಲ್ಲಿ ಬಟ್ಟೆ, ಬಂಗಾರ, ಕಿರಾಣಿ ಎಲ್ಲ ವ್ಯಾಪಾರವೂ ಕುಗ್ಗುತ್ತದೆ. ನೆರೆ ಬಂದ ವರ್ಷವೂ ಇದೇ ಸಾಲು, ಬೇರೆ ಕಾರಣದಿಂದ. ಇಷ್ಟಾದರೂ ಕಚ್ಚಾ ಮಾಲಿಗೆ ಕರಾರು, ಸಾಗಾಣಿಕೆಗೆ ಕರಾರು, ಕಡಿಯುವ ತಂಡಕ್ಕೆ ಮುಂಗಡ ಎಲ್ಲವನ್ನೂ ಹಂಗಾಮಿಗೆ ಮೊದಲೇ ಮಾಡಿಕೊಳ್ಳುವ ಉದ್ಯಮ ನೀರೊಂದನ್ನು ಮಾತ್ರ ದೈವಕ್ಕೂ ಮಂತ್ರಿಗಳ ಪತ್ರಕ್ಕೂ ಬಿಟ್ಟುಬಿಟ್ಟಿದೆ.

ರೈನ್ ನದಿಯ ಪಾಠ

ಭಾಷೆ ಬೇರೆ, ದೇಶ ಬೇರೆ, ಪರಸ್ಪರ ಎರಡು ಮಹಾಯುದ್ಧಗಳ ಹಗೆತನ, ಇಷ್ಟೆಲ್ಲ ಇದ್ದೂ ಯುರೋಪಿನ ರೈನ್ ನದಿಯ ದೇಶಗಳು 1950ರಲ್ಲಿಯೇ ನದಿಯ ರಕ್ಷಣೆಗೆಂದು ಜಂಟಿ ಆಯೋಗವೊಂದನ್ನು ರಚಿಸಿಕೊಂಡವು. ಫ್ರಾನ್ಸಿನ ಪೊಟ್ಯಾಶ್ ಗಣಿಗಳು ನದಿಗೆ ಬಿಡುತ್ತಿದ್ದ ಉಪ್ಪಿನಿಂದ ಕೆಳಗಿನ ಹಾಲೆಂಡಿನ ಸಸಿತೋಟದವರು ನಷ್ಟಕ್ಕೊಳಗಾದರು. ಅವರು ತಮ್ಮ ದೇಶದ ನ್ಯಾಯಾಲಯದಲ್ಲಿಯೇ ಪರದೇಶದ ಗಣಿಯ ಮೇಲೆ ದಾವೆ ಹೂಡಬಹುದೆಂದು ಯುರೋಪಿನ ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ಗಡಿಯಾಚೆ ಮಾಡಿದ ಹಾನಿಗೆ ಉದ್ಯಮ ಗಡಿಯೀಚೆ ಉತ್ತರ ಕೊಡಬೇಕೆಂಬುದು ಅಂದಿಗೆ ಸ್ಥಿರವಾಯಿತು.

ಅದೇ ವರ್ಷ ಆ ಉಪ್ಪನ್ನು ತಗ್ಗಿಸಲು ಒಪ್ಪಂದವಾಯಿತು. ಅದರ ವೆಚ್ಚವನ್ನು ಫ್ರಾನ್ಸ್ ಶೇಕಡಾ 30, ಜರ್ಮನಿ 30, ಸ್ವಿಟ್ಜರ್ಲೆಂಡ್ 6 ಎಂದು ಹಂಚಿಕೊಂಡಾಗ ಉಳಿದ 34ನ್ನು ಹೊತ್ತದ್ದು ಎಲ್ಲರಿಗಿಂತ ಕೆಳಗಿನ, ಹಾನಿಗೊಳಗಾದ ಹಾಲೆಂಡೇ. ನ್ಯಾಯ ತನ್ನ ಕಡೆಗಿದ್ದರೂ ಕೈಯಿಂದ ಹಣ ಬಿಚ್ಚಿದ ಆ ವ್ಯಾಪಾರಿ ದೇಶದ ವಿವೇಕವನ್ನು ಗಮನಿಸಬೇಕು. 1986ರ ನವೆಂಬರ್‌ನಲ್ಲಿ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು ವಿಷದ ನೀರು ನದಿಗೆ ಹರಿದು ಮೀನುಗಳು ಸತ್ತವು. ಮರುವರ್ಷವೇ ಎಲ್ಲ ದೇಶಗಳೂ ಕೂಡಿ, ಕಾಣೆಯಾದ ಸಾಲ್ಮನ್ ಮೀನು 2000ದ ಹೊತ್ತಿಗೆ ನದಿಗೆ ಮರಳಬೇಕೆಂಬ ಗುರಿಯಿಟ್ಟು ಕಾರ್ಯಕ್ರಮ ಹಾಕಿಕೊಂಡವು, ಮೀನು ಮರಳಿತು. ಒಂದು ಮೀನಿನ ಬದುಕನ್ನು ನದಿಯ ಆರೋಗ್ಯದ ಅಳತೆಗೋಲಾಗಿ ಆರಿಸಿದ್ದು ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರಿಗೆ ಹೊಳೆಯಬೇಕಾಗಿದ್ದ ವಿಚಾರ.

ಮೂರು ನೆಪಗಳು

ಈ ಮಾತುಗಳಿಗೆ ಮೂರು ಆಕ್ಷೇಪಗಳು ಎಂದಿಗೂ ಸಿದ್ಧವಾಗಿರುತ್ತವೆ. ನೀರಿನ ವ್ಯಾಜ್ಯ ಸರ್ಕಾರಗಳದು, ಉದ್ಯಮಿಗಳು ಏನು ಮಾಡಬಲ್ಲರು ಎಂಬುದು ಮೊದಲನೆಯದು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಅದನ್ನು ಪರಿಷ್ಕರಿಸಿತು. ಸರ್ವೋಚ್ಚ ನ್ಯಾಯಾಲಯದ 2011ರ ಆದೇಶದಿಂದಾಗಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಗದೆ ವರ್ಷಗಟ್ಟಲೆ ಉಳಿಯಿತು. ಸರ್ಕಾರಗಳನ್ನೇ ಕಾಯುವವರು ಕಾಯುತ್ತಲೇ ಇರಬೇಕಾದೀತು. ಕಬ್ಬಿನ ಕ್ಷೇತ್ರ, ದರ, ತೆರಿಗೆಗಳ ವಿಷಯದಲ್ಲಿ ಮಂತ್ರಿಗಳ ಬಾಗಿಲು ತಟ್ಟಲು ಹಿಂಜರಿಯದ ಉದ್ಯಮಕ್ಕೆ ನೀರಿನ ವಿಷಯದಲ್ಲಿ ಮಾತ್ರ ಈ ಸಂಕೋಚವೇಕೆ?

ಬಿಗಿ ಮಾಡಿದರೆ ಕಾರ್ಖಾನೆ ನಿಲ್ಲುತ್ತದೆ, ರೈತ ಮುಳುಗುತ್ತಾನೆ ಎಂಬುದು ಎರಡನೆಯದು. ಕಬ್ಬಿನ ತೂಕದಲ್ಲಿ ಸುಮಾರು ಶೇಕಡಾ 70 ನೀರೇ. ಒಂದು ಟನ್ ಕಬ್ಬಿನ ಜೊತೆಗೆ ಏಳುನೂರು ಲೀಟರಿನಷ್ಟು ನೀರು ಕಾರ್ಖಾನೆಯ ಬಾಗಿಲಿಗೆ ತಾನಾಗಿ ಬರುತ್ತದೆ. ಅದನ್ನು ತಣಿಸಿ, ಶುದ್ಧಿಮಾಡಿ ಮತ್ತೆ ಮತ್ತೆ ಬಳಸಿದರೆ ಹಂಗಾಮಿನಲ್ಲಿ ನದಿಯ ಮೇಲಿನ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಟನ್ ಕಬ್ಬಿಗೆ 200 ಲೀಟರಿಗಿಂತ ಹೆಚ್ಚು ತ್ಯಾಜ್ಯನೀರು ಹೊರಬಿಡಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ವಿಧಿಸಿದ ಮಿತಿ ಅಸಾಧ್ಯವಾದುದಲ್ಲ. ಇದಕ್ಕೆ ತಗಲುವ ಖರ್ಚು ನಿಜ. ನಿಂತ ಗಾಣದ ನಷ್ಟ ಅದಕ್ಕಿಂತ ದೊಡ್ಡದು ಎಂಬುದೂ ನಿಜ.

ಮೂರನೆಯದು ಎಲ್ಲಕ್ಕಿಂತ ಜನಪ್ರಿಯ: ಮೊದಲು ಅವರು ಸರಿಯಾಗಲಿ. ಈ ನೆಪ ಗಡಿಯ ಎರಡೂ ಕಡೆ ಒಂದೇ ಧ್ವನಿಯಲ್ಲಿ ಕೇಳಿಸುತ್ತದೆ. ಒಂದರಲ್ಲಿ ಮರಾಠಿ, ಇನ್ನೊಂದರಲ್ಲಿ ಕನ್ನಡ. ಇನ್ನೊಬ್ಬನು ಕದಿಯುತ್ತಿರುವವರೆಗೆ ತನಗೆ ಅಚೌರ್ಯವ್ರತವಿಲ್ಲ ಎನ್ನುವವನಿಗೆ ವ್ರತವೇ ಇಲ್ಲ.

ಪರಿಮಾಣವೇ ಭದ್ರತೆ

ಶ್ರಾವಕಾಚಾರದ ಪರಂಪರೆಯಲ್ಲಿ ಗೃಹಸ್ಥನು ಬಿಡಬೇಕಾದ ಹದಿನೈದು ಕಠೋರ ವೃತ್ತಿಗಳ ಪಟ್ಟಿಯೊಂದಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಅದನ್ನು ವಿವರಿಸುತ್ತದೆ; ಸಾಗಾರಧರ್ಮಾಮೃತದಲ್ಲಿಯೂ ಅದರ ಪ್ರಸ್ತಾಪವಿದೆ. ಯಂತ್ರದಿಂದ ಎಳ್ಳು, ಕಬ್ಬು ಮೊದಲಾದವನ್ನು ಹಿಂಡುವುದು ಆ ಪಟ್ಟಿಯಲ್ಲಿ ಒಂದು. ಕೆರೆ ಸರೋವರಗಳನ್ನು ಬತ್ತಿಸುವುದು ಇನ್ನೊಂದು. ಇಂದು ಕಬ್ಬಿನ ಗಾಣವನ್ನು ಯಾರೂ ನಿಲ್ಲಿಸಲಾರರು. ಲಕ್ಷಾಂತರ ಕುಟುಂಬಗಳ ಅನ್ನ ಅದರಲ್ಲಿದೆ. ಆದರೆ ಹಿಂಡುವ ವೃತ್ತಿಯನ್ನು ಅನಿವಾರ್ಯವೆಂದು ಒಪ್ಪಿಕೊಂಡವರು ಬತ್ತಿಸುವ ಪಾಪವನ್ನೂ ಅದರ ಜೊತೆಗೆ ಕಟ್ಟಿಕೊಳ್ಳಬೇಕೇ? ಗೃಹಸ್ಥನಿಗೆ ಪರಿಗ್ರಹವನ್ನು ಪೂರ್ತಿ ಬಿಡೆಂದು ಶಾಸ್ತ್ರ ಹೇಳಲಿಲ್ಲ, ಪರಿಮಾಣ ಮಾಡಿಕೋ ಎಂದಿತು. ನೀರಿಗೂ ಅದೇ ಮಾತು. ಹೊಲಕ್ಕೆ ಹರಿನೀರು ಬಿಟ್ಟು ಫಲವತ್ತಾದ ಭೂಮಿಯನ್ನು ಸವಳು ಜವಳು ಮಾಡಿಕೊಂಡ ನದಿದಂಡೆಯ ಹಳ್ಳಿಗಳು ಮಿತಿಮೀರಿದ ನೀರೂ ದಾರಿದ್ರ್ಯ ತರುತ್ತದೆಂದು ಕಲಿತಿವೆ.

ಮಾಡಬೇಕಾದುದು ಅತ್ಯಲ್ಪ. ಎರಡೂ ದಂಡೆಯ ಕಾರ್ಖಾನೆಗಳು ತಾವು ಎತ್ತಿದ ನೀರು, ಬಿಟ್ಟ ನೀರು, ಅದರ ಶುದ್ಧತೆ ಇವುಗಳ ಲೆಕ್ಕವನ್ನು ಹಂಗಾಮಿನ ಪ್ರತಿ ವಾರ ಬಾಗಿಲ ಫಲಕದಲ್ಲಿ ಬರೆದು ಹಚ್ಚಲಿ. ಹನಿ ನೀರಾವರಿ ಮಾಡಿದ ರೈತನ ಕಬ್ಬಿಗೆ ಕಡಿಯುವ ಸರದಿಯಲ್ಲಿ ಮೊದಲ ಸ್ಥಾನ ಕೊಡಲಿ. ಕೊಯ್ನಾ-ಜತ್ತ ನೀರಿನ ವಿನಿಮಯವನ್ನು ಮೇ ತಿಂಗಳ ಗೋಳಾಟಕ್ಕೆ ಬಿಡದೆ, ಜಲಾಶಯಗಳು ತುಂಬಿರುವ ದೀಪಾವಳಿಯ ಹೊತ್ತಿಗೇ ಬರೆದಿಡುವಂತೆ ಎರಡೂ ಸರ್ಕಾರಗಳನ್ನು ಎರಡೂ ಕಡೆಯ ಉದ್ಯಮಗಳು ಕೂಡಿ ಒತ್ತಾಯಿಸಲಿ. ಆಗ ಕರ್ನಾಟಕವೂ ಕೊಡುವವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬರದ ಜತ್ತಕ್ಕೆ ನೀರು ಕೊಡಲು ಕನ್ನಡಿಗರು ಹಿಂಜರಿದರೆ ಕೊಯ್ನಾದ ನೀರನ್ನು ಕೇಳಲು ಯಾವ ಮುಖ?

ಈ ಮಾತುಕತೆಗೆ ವೇದಿಕೆ ಎಲ್ಲಿ ಎಂದು ಹುಡುಕಬೇಕಾದುದಿಲ್ಲ. 1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ಭಾಷಾವಾರು ರಾಜ್ಯಗಳಿಗಿಂತ ಹಳೆಯದು. ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಕೃಷಿಕರನ್ನೂ ವ್ಯಾಪಾರಸ್ಥರನ್ನೂ ಅದು ಒಂದೇ ಚಾವಡಿಯಲ್ಲಿ ಕೂಡಿಸಿದೆ; ವಿದ್ಯಾರ್ಥಿನಿಲಯಗಳಿಗೆ ಎರಡೂ ಕಡೆಯ ದಾನ ಹರಿದುಬಂದಿದೆ. ಶಿಕ್ಷಣಕ್ಕಾಗಿ ಗಡಿಯನ್ನು ಲೆಕ್ಕಿಸದ ಸಮಾಜ ನದಿಗಾಗಿ ಲೆಕ್ಕಿಸುವುದು ಅದಕ್ಕೆ ಶೋಭೆ ತರುವುದಿಲ್ಲ. ಮುಂದಿನ ಹಂಗಾಮಿನ ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಗೆ ಮೊದಲು ಪ್ರತಿಯೊಂದು ಆಡಳಿತ ಮಂಡಳಿಯ ಮುಂದೆ ಒಂದೇ ಪ್ರಶ್ನೆಯನ್ನು ಸದಸ್ಯರು ಇಡಲಿ: ಕಳೆದ ವರ್ಷ ನದಿಯಿಂದ ಎತ್ತಿದ್ದೆಷ್ಟು, ಮರಳಿಸಿದ್ದೆಷ್ಟು? ಉತ್ತರ ಬರುವವರೆಗೆ ವಾರ್ಷಿಕ ವರದಿಗೆ ಕೈಯೆತ್ತದಿರಲಿ.